ಮುಚ್ಚಳದ ಮೇಲೆ ಇಟ್ಟ ಕೈ

ಪೀಣ್ಯಕ್ಕೂ ಸಮುದ್ರಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಎರಡನೇ ಹಂತದ ನಮ್ಮ ಶೆಡ್ಡಿನಲ್ಲಿ ಯಾವ ಪೆಟ್ಟಿಗೆಯ ಮುಚ್ಚಳ ಬಿಚ್ಚಿದರೂ ಉಪ್ಪಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಸ್ಕ್ರೂಗಳು ತುಕ್ಕು ಹಿಡಿದು ತಿರುಗಿಸುವ ಮೊದಲೇ ತಲೆ ಉದುರಿಸುತ್ತಿದ್ದವು. ಒಳಗೆ ತಾಮ್ರ ಇದ್ದಲ್ಲೆಲ್ಲ ಹಸಿರು ಪುಡಿ. ಹಲ್ಲಿ ಮೊಟ್ಟೆ, ಜಿರಳೆ ರೆಕ್ಕೆ, ಕೆಲವು ಸಲ ಒಂದು ಹಿಡಿ ಮರಳು. ರಿಪೇರಿಗೆ ಮೊದಲು ಬ್ರಷ್ಷಿನಿಂದ ಗುಡಿಸಬೇಕಾಗಿತ್ತು. ಮನೆಯಲ್ಲೂ ಕಸ ಗುಡಿಸು, ಇಲ್ಲೂ ಕಸ ಗುಡಿಸು ಎಂದು ನಾನು ಗೊಣಗುತ್ತಲೇ ಗುಡಿಸುತ್ತಿದ್ದೆ.

ಅವು ಚಂಡಮಾರುತದ ಮುನ್ನೆಚ್ಚರಿಕೆ ಕೊಡುವ ರೇಡಿಯೋ ಪೆಟ್ಟಿಗೆಗಳು. ಪೂರ್ವ ಕರಾವಳಿಯ ಊರುಗಳಲ್ಲಿ, ಪಂಚಾಯ್ತಿ ಕಟ್ಟಡದಲ್ಲೋ ಶಾಲೆಯಲ್ಲೋ, ಅವನ್ನು ಕೂರಿಸಿರುತ್ತಿದ್ದರು. ಸಮುದ್ರದಲ್ಲಿ ಗಾಳಿ ಎದ್ದಿದೆ ಎಂದು ತಿಳಿದ ಕೂಡಲೇ ಹವಾಮಾನದವರು ಉಪಗ್ರಹದ ಮೂಲಕ ಆಯಾ ಊರಿನ ಸಂಕೇತ ಕಳಿಸುತ್ತಿದ್ದರು. ಸಂಕೇತ ಸಿಕ್ಕ ಪೆಟ್ಟಿಗೆ ತಾನಾಗಿಯೇ ಎಚ್ಚೆತ್ತು, ಕೆಂಪು ದೀಪ ಹಚ್ಚಿ, ಸೈರನ್ ಕೂಗಿ, ಜನ ಬಂದು ಸೇರಿದ ಮೇಲೆ ಅವರ ಭಾಷೆಯಲ್ಲೇ ಸುದ್ದಿ ಹೇಳಬೇಕು. ಗಾಳಿ ಯಾವ ಕಡೆಯಿಂದ ಬರುತ್ತಿದೆ, ದೋಣಿ ಇಳಿಸಬಹುದೋ ಬಾರದೋ ಎಂದು. ಹೊಸ ಮಾದರಿಯವು ಬರುತ್ತಿವೆ, ಇನ್ನೇನು ಬಂದೇಬಿಟ್ಟವು ಎಂದು ಎಲ್ಲರೂ ಹೇಳುತ್ತಿದ್ದ ಕಾಲ ಅದು. ಬರುವ ತನಕ ಹಳೆಯವೇ ಗತಿ. ತುಮಕೂರು ರಸ್ತೆಯಲ್ಲಿ ಮೇಲುಸೇತುವೆಯ ಕಂಬಗಳು ಏಳುತ್ತಿದ್ದವು. ಅಲ್ಲಿನ ಧೂಳನ್ನೆಲ್ಲ ಹೊದ್ದುಕೊಂಡು, ಗೋಣಿತಾಟಿನಲ್ಲಿ ಸುತ್ತಿದ ಪೆಟ್ಟಿಗೆಗಳು ಲಾರಿಯಿಂದ ನಮ್ಮ ಬಾಗಿಲಿಗೆ ಇಳಿಯುತ್ತಿದ್ದವು.

ನಮ್ಮ ಮನೆಯವರು ಜಾಲಹಳ್ಳಿ ಕಡೆಯ ಒಂದು ದೊಡ್ಡ ಸರ್ಕಾರಿ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿದ್ದವರು. ಆ ವಿಭಾಗವನ್ನೇ ಮುಚ್ಚಿ ಎಲ್ಲರನ್ನೂ ಮನೆಗೆ ಕಳಿಸಿದರು. ಅದಕ್ಕೆ ಸ್ವಯಂ ನಿವೃತ್ತಿ ಎಂದು ಹೆಸರು. ಅದರಲ್ಲಿ ಸ್ವಯಂ ಎಷ್ಟಿತ್ತೋ ದೇವರಿಗೇ ಗೊತ್ತು. ಕ್ವಾರ್ಟರ್ಸ್ ಬಿಟ್ಟು ಅಲ್ಲೇ ಹಿಂದಿನ ಬೀದಿಯ ಬಾಡಿಗೆ ಮನೆಗೆ ಬಂದೆವು. ಇವರು ಬೆಳಿಗ್ಗೆ ಎದ್ದು, ಶೇವ್ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂತುಬಿಡುತ್ತಿದ್ದರು. ಅದನ್ನು ನೋಡುವಾಗ ನನಗೆ ಕೋಪವೇ ಬರುತ್ತಿತ್ತು, ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ. ಹಾಗಿರುವಾಗ, ಅದೇ ಕಾರ್ಖಾನೆಯಲ್ಲಿ ಇವರ ಕೈಕೆಳಗೆ ಕೆಲಸ ಕಲಿತು ಆಮೇಲೆ ಸ್ವಂತ ಶೆಡ್ಡು ಹಾಕಿದ್ದವರೊಬ್ಬರು ಮನೆಗೆ ಬಂದು, "ಅಣ್ಣ, ಈ ಹಳೇ ರಿಸೀವರ್‌ಗಳನ್ನ ಮುಟ್ಟೋರು ಈಗ ಯಾರೂ ಇಲ್ಲ, ನೀವು ಬನ್ನಿ" ಎಂದು ಕರೆದರು. ಮದುವೆಗೆ ಮುಂಚಿನಿಂದ ಪೀಣ್ಯದಲ್ಲೇ ತಾಮ್ರದ ತಂತಿಯ ಕಾಯಿಲ್ ಸುತ್ತುವ ಕೆಲಸ ಮಾಡುತ್ತಿದ್ದವಳು ನಾನು. "ಅತ್ತಿಗೆ, ನೀವೂ ಬನ್ನಿ" ಎಂದರು. ಹೀಗೆ ಗಂಡ ಹೆಂಡತಿ ಒಂದೇ ಬಸ್ಸಿನಲ್ಲಿ ಹೋಗಿ ಒಂದೇ ಮೇಜಿಗೆ ಕೂತೆವು. ಮಾಲೀಕರು ವಯಸ್ಸಿನಲ್ಲಿ ಚಿಕ್ಕವರಾದರೂ ಮಾಲೀಕರೇ. ಹಾಗೆಂದು ಇವರಿಗೆ ಮೊದಲ ದಿನವೇ ಹೇಳಿ ಕರೆದುಕೊಂಡು ಹೋಗಿದ್ದೆ.

ಸತ್ತ ಭಾಗ ಬದಲಾಯಿಸುವುದು ಯಾರು ಬೇಕಾದರೂ ಮಾಡುವ ಕೆಲಸ. ಕಷ್ಟ ಇದ್ದದ್ದು ಅಲೈನ್‌ಮೆಂಟಿನಲ್ಲಿ. ವರ್ಷಗಟ್ಟಲೆ ಸೆಕೆ, ತೇವ, ಉಪ್ಪುಗಾಳಿ ತಿಂದ ರೇಡಿಯೋ ತನ್ನ ಜಾಗದಿಂದ ಚೂರು ಚೂರೇ ಸರಿದುಬಿಟ್ಟಿರುತ್ತದೆ. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಕೂರುವುದಿಲ್ಲವಲ್ಲ, ಹಾಗೆ. ಸಂಕೇತ ಆಕಾಶದಲ್ಲಿ ಬರುತ್ತಲೇ ಇರುತ್ತದೆ, ಪೆಟ್ಟಿಗೆ ಅದರ ಪಕ್ಕದಲ್ಲೆಲ್ಲೋ ಕಿವಿಗೊಟ್ಟು ಕೂತಿರುತ್ತದೆ. ಅದನ್ನು ಮತ್ತೆ ಸರಿಯಾದ ಜಾಗಕ್ಕೆ ತರಬೇಕಾದರೆ ಒಳಗಿನ ಕಾಯಿಲ್‌ಗಳ ನಡುವೆ ಇರುವ, ಪೆನ್ಸಿಲ್ ಸೀಸದಷ್ಟು ಸುಲಭವಾಗಿ ಮುರಿಯುವ ಕಪ್ಪು ತಿರುಪುಗಳನ್ನು ಒಂದೊಂದಾಗಿ ತಿರುಗಿಸಬೇಕು. ಕಬ್ಬಿಣದ ಸ್ಕ್ರೂಡ್ರೈವರ್ ಹತ್ತಿರ ತಂದರೇ ಲೆಕ್ಕ ಕೆಡುತ್ತದೆ. ಅದಕ್ಕೇ ಇವರು ಸ್ವೆಟರ್ ಹೆಣೆಯುವ ಪ್ಲಾಸ್ಟಿಕ್ ಕಡ್ಡಿಯ ತುದಿಯನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿಟ್ಟುಕೊಂಡಿದ್ದರು. ತಿರುಪು ಅಲ್ಲಾಡದಂತೆ ಹಾಕಿದ್ದ ಹಳೆಯ ಮೇಣವನ್ನು ಬಿಸಿಗಾಳಿಯಿಂದ ಮೆತ್ತಗೆ ಮಾಡಿ, ಕಡ್ಡಿ ತೂರಿಸಿ, ಮೀಟರ್ ನೋಡುತ್ತ, ಹೆಡ್‌ಫೋನಿನಲ್ಲಿ ಸದ್ದು ಕೇಳುತ್ತ ಕೂದಲೆಳೆಯಷ್ಟು ಆಚೆ, ಈಚೆ. ಸ್ವಲ್ಪ ಜೋರು ಮಾಡಿದರೆ ತಿರುಪು ಟಪ್ಪೆಂದು ಒಡೆದು ಒಳಗೇ ಸಿಕ್ಕಿಕೊಳ್ಳುತ್ತದೆ, ಆಮೇಲೆ ಇಡೀ ಕಾಯಿಲನ್ನು ನಾನು ಹೊಸದಾಗಿ ಸುತ್ತಬೇಕು.

ಮೊದಮೊದಲು ತಿರುಪು ಒಡೆಯುತ್ತಲೇ ಇರಲಿಲ್ಲ. ಆಮೇಲೆ ಒಂದು ಒಡೆಯಿತು, ಇನ್ನೊಂದು ಒಡೆಯಿತು. ನಾನು ಸುತ್ತಿ ಕೊಟ್ಟೆ. "ಏನ್ರೀ, ನನಗೆ ಕೆಲಸ ಕಮ್ಮಿ ಆಯ್ತು ಅಂತ ಒಡೀತಿದೀರಾ?" ಎಂದು ರೇಗಿಸಿದೆ. ಇವರು ನಗಲಿಲ್ಲ. ಒಂದು ದಿನ ನೋಡುತ್ತೇನೆ, ಮೇಜಿನ ಮೇಲೆ ಸುಮ್ಮನೆ ಇಟ್ಟಿದ್ದ ಬಲಗೈ ತನ್ನ ಪಾಡಿಗೆ ತಾನು ನಡುಗುತ್ತಿದೆ. ಹೆಬ್ಬೆರಳೂ ತೋರುಬೆರಳೂ ಏನನ್ನೋ ಹೊಸೆಯುತ್ತಿರುವಂತೆ. ಇವರು ಬೇರೆ ಕಡೆ ನೋಡುತ್ತ ಚಹಾ ಕುಡಿಯುತ್ತಿದ್ದರು. ಆ ಕೈ ತಮ್ಮದಲ್ಲವೇನೋ ಎಂಬಂತೆ ಕೂತಿದ್ದರು.

ಡಾಕ್ಟರ ಹತ್ತಿರ ಹೋಗೋಣ ಎಂದೆ. "ಚಳಿಗೆ" ಎಂದರು. ಬೇಸಿಗೆಯಲ್ಲಿ ಮತ್ತೆ ಕೇಳಿದರೆ "ಸುಸ್ತಿಗೆ" ಎಂದರು. ಹಟ ಹಿಡಿದರೆ ಇವರು ಎದ್ದು ಹೊರಗೆ ಹೋಗುವ ಜಾತಿ. ಕೊನೆಗೆ ನಾನೇ ಒಂದು ದಿನ ಅವರ ಕೈಯಿಂದ ಕಡ್ಡಿ ತೆಗೆದುಕೊಂಡು, "ನೀವು ಹೇಳಿ, ನಾನು ತಿರುಗಿಸ್ತೀನಿ" ಎಂದೆ. ಇವರು ನನ್ನ ಮುಖ ನೋಡಿದರು, ಮಾಲೀಕರ ಗಾಜಿನ ಕೋಣೆಯ ಕಡೆ ನೋಡಿದರು. ಆಮೇಲೆ ಹೆಡ್‌ಫೋನ್ ಕಿವಿಗೆ ಏರಿಸಿಕೊಂಡು ಕಣ್ಣು ಮುಚ್ಚಿ, "ಸ್ವಲ್ಪ ಬಲಕ್ಕೆ. ಇನ್ನೂ ಸ್ವಲ್ಪ. ಹಾಂ, ನಿಲ್ಸು. ಜಾಸ್ತಿ ಆಯ್ತು, ವಾಪಸ್ ಬಾ" ಎಂದರು. ಅವತ್ತಿನಿಂದ ಇವರ ಕಿವಿ, ನನ್ನ ಬೆರಳು. ಹೊರಗಿನವರಿಗೆ ಹೆಂಡತಿ ಸಹಾಯ ಮಾಡುತ್ತಿದ್ದಾಳೆ ಎಂದಷ್ಟೇ ಕಾಣುತ್ತಿತ್ತು. ಕೈ ಹೋಗಿದೆ ಎಂದು ಗೊತ್ತಾದರೆ ಮತ್ತೆ ಆ ಜಗಲಿಯೇ ಗತಿ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು, ಅದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ ನಾವು ಅಷ್ಟು ಚೆನ್ನಾಗಿ ಮಾತಾಡಿಕೊಂಡ ಕಾಲ ಬೇರೆ ಇಲ್ಲ. ಮನೆಯಲ್ಲಿ ಉಪ್ಪು ಹುಳಿ ಬಿಟ್ಟರೆ ಮಾತಿಲ್ಲದವರು ಶೆಡ್ಡಿನಲ್ಲಿ ಬೆಳಗಿನಿಂದ ಸಂಜೆವರೆಗೆ ಬಲಕ್ಕೆ, ಎಡಕ್ಕೆ ಎಂದುಕೊಂಡು ಕೂತಿರುತ್ತಿದ್ದೆವು.

ಸೈರನ್ನಿನ ಪರೀಕ್ಷೆ ಮಾತ್ರ ಇವರದೇ. ಅದನ್ನು ನಾವು ಮಾಡುತ್ತಿದ್ದ ರೀತಿ ಬೇರೆಲ್ಲೂ ಇರಲಾರದು, ಅದಕ್ಕೆ ವಿವರವಾಗಿ ಹೇಳಬೇಕು. ಶೆಡ್ಡು ಹೊಸದಾಗಿ ಶುರುವಾದಾಗ ಪೆಟ್ಟಿಗೆ ತಯಾರಾದ ಹಾಗೆ ಸೈರನ್ ಊದಿಸಿ ನೋಡುತ್ತಿದ್ದರಂತೆ. ಪಕ್ಕದಲ್ಲಿ ಲೋಹಕ್ಕೆ ಲೇಪ ಕೊಡುವ ಪ್ಲೇಟಿಂಗ್ ಕಾರ್ಖಾನೆ. ಸೈರನ್ ಕೇಳಿದ್ದೇ ತಡ, ಅಲ್ಲಿನ ಕೆಲಸಗಾರರು ಆಸಿಡ್ ಸೋರಿದೆ ಎಂದುಕೊಂಡು ಎಲ್ಲ ಬಿಟ್ಟು ರಸ್ತೆಗೆ ಓಡಿ ಬಂದಿದ್ದರು. ದೊಡ್ಡ ಜಗಳವೇ ಆಯಿತು. ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ನಮ್ಮ ಹಿಂದಿನ ಗೋಡೆಗೆ ಅಂಟಿಕೊಂಡಂತೆ ಒಂದು ದೊಡ್ಡ ಕಾರ್ಖಾನೆ ಇತ್ತು, ಅವರ ಸೈರನ್ ಕಂಬ ನಮ್ಮ ತಗಡಿನ ಮಾಡಿಗೆ ತಾಗುವಷ್ಟು ಹತ್ತಿರ. ಮಧ್ಯಾಹ್ನ ಒಂದು ಗಂಟೆಗೆ ಅದು ಊಟಕ್ಕೆ ಕೂಗುವಾಗ ನಾವೂ ನಮ್ಮದನ್ನು ಕೂಗಿಸಿಕೊಳ್ಳಬೇಕು. ಆ ಗದ್ದಲದಲ್ಲಿ ಯಾರಿಗೂ ತಿಳಿಯುವುದಿಲ್ಲ, ಯಾರೂ ಓಡುವುದಿಲ್ಲ.

ಬೆಳಗಿನಿಂದ ಅಲೈನ್‌ಮೆಂಟ್ ಮಾಡುವಾಗ ನಾವು ಕೊಡುವ ಪರೀಕ್ಷೆಯ ಸಂಕೇತಕ್ಕೆ ಪೆಟ್ಟಿಗೆ ಮತ್ತೆ ಮತ್ತೆ ಎಚ್ಚರಗೊಂಡು ಸೈರನ್ ಹೊಡೆಯಲು ನೋಡುತ್ತದೆ. ಹಾಗೆ ಆಗದಿರಲೆಂದು, ಸೈರನ್ನಿಗೆ ಕರೆಂಟು ಬಿಡುವ ರಿಲೇ ಎಂಬ ಪುಟ್ಟ ಸ್ವಿಚ್ಚಿನ ಎರಡು ತುಟಿಗಳ ನಡುವೆ ತೊಳೆದ ಹಾಲಿನ ಕವರಿನ ಒಂದು ಪಟ್ಟಿ ಕತ್ತರಿಸಿ ಸಿಕ್ಕಿಸುತ್ತಿದ್ದೆವು. ರಿಲೇ ಟಿಕ್ ಎನ್ನುತ್ತದೆ, ದೀಪ ಹತ್ತುತ್ತದೆ, ಸೈರನ್ ಮಾತ್ರ ಬಾಯಿ ಬಿಡುವುದಿಲ್ಲ. ಒಂದು ಗಂಟೆಗೆ ಮುಂಚೆ ಆ ಪಟ್ಟಿಯನ್ನು ಎಳೆದು, ಮುಚ್ಚಳ ಹಾಕಿ, ಹೊರಗಿನ ಸೈರನ್ ಎದ್ದ ಕೂಡಲೇ ಸಂಕೇತ ಕೊಡಬೇಕು. ಹೊರಗಿನದರ ಅಬ್ಬರದಲ್ಲಿ ನಮ್ಮದು ಕಿವಿಗೆ ಕೇಳುವ ಮಾತೇ ಇಲ್ಲ. ಅದಕ್ಕೆ ಮುಚ್ಚಳದ ಮೇಲೆ ಅಂಗೈ ಇಡುವುದು. ಸೈರನ್ನಿನ ಕೊಳವೆಯನ್ನು ಮುಚ್ಚಳಕ್ಕೇ ಬಿಗಿದಿರುವುದರಿಂದ ಅದು ಕೂಗಿದರೆ ತಗಡು ಜುಮ್ಮೆಂದು ನಡುಗುತ್ತದೆ. ನಡುಗಿದರೆ ಪಾಸು. ಹಸಿರು ಚೀಟಿ ಅಂಟಿಸಿ ಪಕ್ಕಕ್ಕಿಡುವುದು.

ಆ ಹೊತ್ತಿಗೆ ನಾನು ಹಿಂದೆ ಹೋಗಿ ಎಲ್ಲರ ಬುತ್ತಿ ಬಿಸಿಗಿಡುತ್ತಿದ್ದೆ. ಸೈರನ್ನಿನ ಕೆಲಸವನ್ನೂ ನಾನು ಮಾಡುತ್ತೇನೆ ಎಂದು ಒಂದು ಸಲ ಬಾಯಿ ತೆಗೆದಿದ್ದಕ್ಕೆ ಇವರು, "ಅದೊಂದು ಬಿಡೇ. ಕೈ ಇಟ್ಕೊಂಡು ನಿಂತ್ಕೊಳ್ಳೋದಕ್ಕೂ ಹೆಂಡ್ತಿ ಬೇಕಾ ನಂಗೆ?" ಎಂದಿದ್ದರು. ತಮಾಷೆಯ ದನಿಯಲ್ಲೇ ಹೇಳಿದ್ದು, ಆದರೆ ಕಣ್ಣು ತಮಾಷೆಯಲ್ಲಿರಲಿಲ್ಲ. ನಾನು ಆ ಮಾತು ಮತ್ತೆ ಎತ್ತಲಿಲ್ಲ.

ಹೀಗೆ ಒಂದೆರಡು ವರ್ಷ ಕಳೆಯಿತು. ಒಂದು ದೀಪಾವಳಿ ಆದ ಮೇಲೆ, ಲಾರಿಯಲ್ಲಲ್ಲ, ಒಬ್ಬ ಮನುಷ್ಯ ಆಟೋದಲ್ಲಿ ಒಂದು ಪೆಟ್ಟಿಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದ. ಆಂಧ್ರದ ಕರಾವಳಿಯ ಒಂದು ಊರಿನ ಪಂಚಾಯ್ತಿ ಕಚೇರಿಯ ನೌಕರ. ರಾತ್ರಿಯೆಲ್ಲ ರೈಲಿನಲ್ಲಿ ಕೂತು ಬಂದಿದ್ದ, ಗಡ್ಡ ಬೆಳೆದಿತ್ತು. ಅವನ ತೆಲುಗು ನಮಗೆ ಅರ್ಥವಾಗುತ್ತಿತ್ತು, ಅವನು ಮಾತಾಡಿದ್ದೇ ಕಮ್ಮಿ. ಪೆಟ್ಟಿಗೆ ನಮ್ಮಿಂದ ಹೋಗಿ ಕೆಲವೇ ತಿಂಗಳಾಗಿತ್ತು, ಹಸಿರು ಚೀಟಿ ಇನ್ನೂ ಹಾಗೇ ಇತ್ತು. ದೀಪ ಹತ್ತಿತು, ಸೈರನ್ ಆಗಲಿಲ್ಲ ಎಂದ. ಎಲ್ಲರೆದುರಿಗೆ ಬಿಚ್ಚಿ ತೋರಿಸಿ ಎಂದ.

ಮಾಲೀಕರೇ ಬಿಚ್ಚಿದರು. ನಾನೂ ಇವರೂ ಮೇಜಿನ ಆ ಕಡೆ ನಿಂತಿದ್ದೆವು. ಮುಚ್ಚಳ ಎತ್ತಿದ ಕೂಡಲೇ ನನಗೆ ಕಂಡಿತು. ರಿಲೇಯ ತುಟಿಗಳ ನಡುವೆ ಹಾಲಿನ ಕವರಿನ ನೀಲಿ ಪಟ್ಟಿ ಅಲ್ಲೇ ಇತ್ತು. ಅದರ ಮೇಲೆ ಅರ್ಧ ಕತ್ತರಿಸಿದ ಕನ್ನಡದ ಅಕ್ಷರ. ಆ ಕರಾವಳಿಯಲ್ಲಿ ಯಾರೋ ಸಿಕ್ಕಿಸಿದರು ಎನ್ನಲು ಬರುವ ಹಾಗಿರಲಿಲ್ಲ. ಮಾಲೀಕರು ಚಿಮುಟದಿಂದ ಅದನ್ನು ಎಳೆದು ಅಂಗೈ ಮೇಲೆ ಇಟ್ಟುಕೊಂಡು ಇವರ ಮುಖ ನೋಡಿದರು.

"ಅಣ್ಣ, ಇದಕ್ಕೆ ಒಂದು ಗಂಟೆ ಸೈರನ್ ಟೆಸ್ಟ್ ಮಾಡಿದ್ರಲ್ಲ?"

"ಮಾಡಿದೀನಿ."

"ಪಟ್ಟಿ ಇದ್ದಂಗೇ ಸೈರನ್ ಹೊಡಿಯಕ್ಕೆ ಆಗಲ್ಲ ಅಣ್ಣ."

"ಹೊಡೀತು. ಈ ಕೈ ಇಟ್ಟು ನೋಡಿದೀನಿ. ಮುಚ್ಚಳ ನಡುಗ್ತು."

ಬಂದವನು ಇವರನ್ನೇ ನೋಡುತ್ತಿದ್ದ. ಇವರು ಮತ್ತೊಮ್ಮೆ, "ನಾನು ಸುಳ್ಳು ಹೇಳಲ್ಲ ಕಣಯ್ಯ, ಅದು ನಿಂಗೆ ಗೊತ್ತು" ಎಂದು ಮಾಲೀಕರಿಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಗೇಟಿನ ಹತ್ತಿರ ನಿಂತರು. ಅವರ ಬೆನ್ನು ನನಗೆ ಕಾಣುತ್ತಿತ್ತು. ಕಾರ್ಖಾನೆಯಲ್ಲಿದ್ದಾಗ ಇವರು ಸರಿ ಎಂದದ್ದನ್ನು ಇನ್ನೊಬ್ಬರು ತಿರುಗಿ ನೋಡುತ್ತಿರಲಿಲ್ಲವಂತೆ. ಇವರು ಕಳೆದುಕೊಳ್ಳದೆ ಉಳಿಸಿಕೊಂಡು ಬಂದಿದ್ದ ಆಸ್ತಿ ಅದೊಂದೇ.

ಆಮೇಲೆ ಆ ಮನುಷ್ಯ ಮಾಲೀಕರಿಗೂ ನನಗೂ ನಡೆದದ್ದನ್ನು ಹೇಳಿದ. ಸಂಜೆ ಹೊತ್ತಿಗೆ ಎಚ್ಚರಿಕೆ ಬಂದಿರಬೇಕು. ಕಚೇರಿ ಮುಚ್ಚಿತ್ತು. ಸೈರನ್ ಆಗಿದ್ದರೆ ಊರಿಗೆಲ್ಲ ಕೇಳುತ್ತಿತ್ತು, ಅದು ಆಗಲಿಲ್ಲ, ಯಾರೂ ಬಾಗಿಲು ತೆಗೆದು ನೋಡಲಿಲ್ಲ. ಬೆಳಗಾಗುವ ಮುಂಚೆ ಎಂದಿನಂತೆ ದೋಣಿಗಳು ಹೋದವು. ಇವನು ಹೊತ್ತಾದ ಮೇಲೆ ಬೀಗ ತೆಗೆದಾಗ ಕತ್ತಲ ಕೋಣೆಯಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಗಾಳಿ ಎದ್ದ ಮೇಲೆ ದೋಣಿಗಳು ಒಂದೊಂದಾಗಿ ದಡಕ್ಕೆ ಬಿದ್ದವು. ಒಂದು ಬರಲಿಲ್ಲ. ಅದರಲ್ಲಿ ಅಪ್ಪ ಮತ್ತು ಇಬ್ಬರು ಮಕ್ಕಳು. ಇದಿಷ್ಟನ್ನೂ ಅವನು ಅಳದೆ, ಬೈಯದೆ ಹೇಳಿದ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಮಾಲೀಕರು ಊಟ ಮಾಡಿ ಹೋಗಿ ಎಂದು ಬೇಡಿಕೊಂಡರು. ಬೇಡ ಎಂದ. ಸರಿ ಮಾಡಿದ ಪೆಟ್ಟಿಗೆಯ ಸೈರನ್ನನ್ನು ಅವನೆದುರಿಗೆ, ಒಂದು ಗಂಟೆಗೆ ಕಾಯದೆ, ಬಾಗಿಲು ಹಾಕಿಕೊಂಡು ಕೂಗಿಸಿ ತೋರಿಸಿದೆವು. ಪಕ್ಕದವರು ಅವತ್ತೂ ಓಡಿ ಬಂದರು. ಅವರನ್ನು ಸಮಾಧಾನ ಮಾಡಿ ಕಳಿಸಲು ಮಾಲೀಕರು ಹೊರಗೆ ಹೋದರು.

ಮಾಲೀಕರು ಇವರನ್ನು ಕೆಲಸದಿಂದ ತೆಗೆಯಲಿಲ್ಲ. ಒಳ್ಳೆಯವರು. ಮಾರನೇ ದಿನ ನನ್ನನ್ನು ಕರೆದು, "ಅತ್ತಿಗೆ, ಇನ್ಮೇಲೆ ಸೈರನ್ ನಾನೇ ನೋಡ್ಕೋತೀನಿ. ಅಣ್ಣಂಗೆ ನೀವೇ ಹೇಳ್ಬಿಡಿ. ಮರೆತಿದ್ರೆ ಮರೆತೆ ಅಂದ್ಬಿಡ್ಲಿ, ನಾನೇನೂ ಅನ್ನಲ್ಲ. ಮಾಡದೇ ಮಾಡಿದೀನಿ ಅಂದ್ರೆ ನಾನು ಏನ್ ಮಾಡ್ಲಿ?" ಎಂದರು. ಅವರ ದನಿಯಲ್ಲಿ ಕೋಪಕ್ಕಿಂತ ನೋವೇ ಜಾಸ್ತಿ ಇತ್ತು. ಕೆಲಸ ಕಲಿಸಿದವರ ಬಗ್ಗೆ ಹಾಗೆ ಅಂದುಕೊಳ್ಳಬೇಕಾಗಿ ಬಂತಲ್ಲ ಎಂದು.

ನಾನೂ ಹಾಗೇ ಅಂದುಕೊಂಡಿದ್ದೆ. ಪಟ್ಟಿ ತೆಗೆಯಲು ಮರೆತಿದ್ದಾರೆ, ಅದು ಯಾರಿಗಾದರೂ ಆಗುವಂಥದ್ದು. ಆದರೆ ಮುಚ್ಚಳದ ಮೇಲೆ ಕೈ ಇಟ್ಟಿದ್ದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು. ಇಟ್ಟೇ ಇಲ್ಲ. ಇಡದೆ ಚೀಟಿ ಅಂಟಿಸಿದ್ದಾರೆ. ಯಾಕೆ ಅಂಟಿಸಿದರೋ, ಅವತ್ತು ಏನು ಅವಸರವೋ, ಕೈ ಯಾರಾದರೂ ನೋಡಿಬಿಟ್ಟಾರು ಎಂಬ ಹೆದರಿಕೆಯೋ. ಈಗ ಒಪ್ಪಿಕೊಳ್ಳಲು ಮನಸ್ಸಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ನನ್ನ ಬಾಯಿ ಶುರುವಾಯಿತು.

"ಮರೆತೆ ಅನ್ರೀ. ಒಂದು ಮಾತು. ಅಷ್ಟಕ್ಕೆ ನಿಮ್ಮ ಕಿರೀಟ ಏನೂ ಬಿದ್ದೋಗಲ್ಲ."

"ಪಟ್ಟಿ ಮರೆತಿರಬಹುದು. ಅದನ್ನ ಒಪ್ಕೋತೀನಿ. ಕೈ ಇಟ್ಟಿದ್ದು ನಿಜ, ಮುಚ್ಚಳ ನಡುಗಿದ್ದು ನಿಜ."

"ಎರಡೂ ಹೆಂಗ್ರೀ ನಿಜ ಆಗತ್ತೆ?"

"ಗೊತ್ತಿಲ್ಲ ಕಣೇ. ನಂಗೆ ಗೊತ್ತಿಲ್ಲ."

"ಅಲ್ಲಿ ದೋಣಿ ಹೋಗಿದೆ. ಇಲ್ಲಿ ನಿಮ್ಮದು ಹಟ."

ಆ ವಾರವೆಲ್ಲ ಶೆಡ್ಡಿನಲ್ಲಿ ಬಲಕ್ಕೆ, ಎಡಕ್ಕೆ ಎನ್ನುವುದನ್ನು ಬಿಟ್ಟರೆ ಇವರ ಬಾಯಿಂದ ಬೇರೆ ಮಾತು ಬರಲಿಲ್ಲ. ಒಂದು ಗಂಟೆಗೆ ಹೊರಗಿನ ಸೈರನ್ ಎದ್ದಾಗ ಮಾಲೀಕರು ಬಂದು ಮುಚ್ಚಳದ ಮೇಲೆ ಕೈ ಇಡುತ್ತಿದ್ದರು, ಇವರು ಎದ್ದು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಉಳಿದ ಕೆಲಸಗಾರರು ಇವರಿಗೆ ಎಂದಿನಂತೆ ಸಾರ್ ಎನ್ನುತ್ತಿದ್ದರು, ಆದರೆ ಪಾಸಾಗಿದೆ ಎಂದು ಇವರು ಹೇಳಿದ ಪೆಟ್ಟಿಗೆಯನ್ನು ಮತ್ತೊಮ್ಮೆ ಆನ್ ಮಾಡಿ ನೋಡಿಯೇ ಕಟ್ಟುತ್ತಿದ್ದರು. ಅದನ್ನು ಇವರೂ ನೋಡಿದರು. ನನಗೆ ಅಯ್ಯೋ ಅನ್ನಿಸಿತು, ಆದರೆ ಕೋಪ ಇಳಿದಿರಲಿಲ್ಲ. ಒಂದು ಸುಳ್ಳಿಗೆ ಅಂಟಿಕೊಂಡು ಕೂತ ಗಂಡಸಿನ ಪಕ್ಕದಲ್ಲಿ ಕೂರುವುದು ಎಷ್ಟು ಕಷ್ಟ ಎಂದು ಕೂತವರಿಗೇ ಗೊತ್ತು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕರೆಂಟು ಹೋಯಿತು. ವಾರಕ್ಕಾಗುವ ಬಟ್ಟೆಗೆ ಇಸ್ತ್ರಿ ಹಾಕಲು ಕೂತಿದ್ದೆ, ಅರ್ಧಕ್ಕೇ ನಿಂತಿತು. ಇಸ್ತ್ರಿಪೆಟ್ಟಿಗೆ ಆರುತ್ತಿದ್ದಂತೆ ನಾನು ಮೆತ್ತಗಿನ ಬಟ್ಟೆಗಳನ್ನು ಮಡಿಸಿಟ್ಟು ಕಾಯುತ್ತಿದ್ದೆ. ಇವರು ಅಡುಗೆಮನೆಗೆ ನೀರು ಕುಡಿಯಲು ಹೋದರು. "ಕರೆಂಟ್ ಬಂದ್ರೆ ಹೇಳಿ" ಎಂದು ಕೂಗಿದೆ, ಜಗಳವಾದ ಮೇಲೆ ನಾನು ಕುಕ್ಕದೆ ಆಡಿದ ಮೊದಲ ಮಾತು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ, "ಬಂತು ಕಣೇ, ಫ್ರಿಜ್ ಓಡ್ತಿದೆ" ಎಂದರು.

ಇಸ್ತ್ರಿಪೆಟ್ಟಿಗೆಯ ಸ್ವಿಚ್ ಹಾಕಿದೆ. ಅದರ ದೀಪ ಹತ್ತಲಿಲ್ಲ. ಫ್ಯಾನಿನ ಸ್ವಿಚ್ ಹಾಕಿದೆ. ಅಲ್ಲಾಡಲಿಲ್ಲ.

"ಎಲ್ರೀ ಬಂದಿದೆ?" ಎಂದು ಬೈಯುತ್ತಲೇ ಅಡುಗೆಮನೆಗೆ ಹೋದೆ. ಇವರು ಒಂದು ಕೈಯಲ್ಲಿ ಲೋಟ ಹಿಡಿದು, ಇನ್ನೊಂದು ಕೈಯನ್ನು ಫ್ರಿಜ್ಜಿನ ತಲೆಯ ಮೇಲೆ ಇಟ್ಟುಕೊಂಡು ಆರಾಮವಾಗಿ ನಿಂತಿದ್ದರು.

"ಓಡ್ತಿದೆ ನೋಡು. ಕೈಗೆ ಗೊತ್ತಾಗ್ತಿದೆಯಲ್ಲ."

ನಾನು ಫ್ರಿಜ್ಜಿನ ಬಾಗಿಲು ತೆಗೆದೆ. ಒಳಗೆ ದೀಪವಿಲ್ಲ. ಹಾಲಿನ ಪಾತ್ರೆ, ಸೊಪ್ಪು, ನಿನ್ನೆಯ ಸಾರು, ಎಲ್ಲ ಕತ್ತಲಲ್ಲಿ ಕೂತಿದ್ದವು. ಯಾವ ಸದ್ದೂ ಇರಲಿಲ್ಲ. ನನ್ನ ಕೈಯನ್ನೂ ಮೇಲೆ, ಅವರ ಕೈಯಿಂದ ಸ್ವಲ್ಪ ದೂರದಲ್ಲಿ ಇಟ್ಟೆ. ತಗಡು ಸುಮ್ಮನೆ ಬಿದ್ದಿತ್ತು. ಹತ್ತಿರ ಸರಿಸಿದೆ. ಅವರ ಬೆರಳಿನ ಪಕ್ಕಕ್ಕೆ ಬಂದಾಗ ಸಣ್ಣಗೆ, ಒಂದೇ ಸಮನೆ ನಡುಕ. ನಡುಗುತ್ತಿದ್ದದ್ದು ಫ್ರಿಜ್ ಅಲ್ಲ.

ಇವರು ನನ್ನ ಮುಖ ನೋಡಿದರು, ತೆರೆದ ಬಾಗಿಲಿನ ಕತ್ತಲೆ ನೋಡಿದರು, ಆಮೇಲೆ ತಮ್ಮ ಕೈ ನೋಡಿದರು. ಲೋಟವನ್ನು ಕಟ್ಟೆಯ ಮೇಲೆ ಇಟ್ಟು, ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಮೇಲೆತ್ತಿದರು. ಸ್ವಲ್ಪ ತಡೆದು ಮತ್ತೆ ಅಲ್ಲೇ ಇಟ್ಟರು. ಕಣ್ಣು ಮುಚ್ಚಿದರು. ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದಾಗಿನ ಮುಖವೇ ಅದು. ನನಗೆ ಆ ಕೈಯನ್ನು ಕಿತ್ತು ತೆಗೆಯಬೇಕು ಅನ್ನಿಸಿತು, ಹಾಗೆ ನೋಡಿಕೊಳ್ಳುವುದನ್ನು ನಿಲ್ಲಿಸಬೇಕು ಅನ್ನಿಸಿತು. ಆದರೆ ಇವರು ಮುಗಿಸುವ ತನಕ ಬಿಡುವವರಲ್ಲ.

"ಅವತ್ತೂ ಹಿಂಗೇ ಇತ್ತು," ಎಂದರು ಕಣ್ಣು ಬಿಡದೆ. "ಹಿಂಗೇ. ಇದನ್ನೇ ಸೈರನ್ ಅಂದ್ಕೊಂಡೆ."

ನಾನು ಅವರ ಹೆಗಲು ಹಿಡಿದುಕೊಂಡೆ. ಸುಳ್ಳು ಹೇಳಿದ್ದೀರಿ ಎಂದು ವಾರವೆಲ್ಲ ಕುಕ್ಕಿದ್ದೆನಲ್ಲ, ಸುಳ್ಳೇ ಆಗಿದ್ದರೆ ಚೆನ್ನಾಗಿತ್ತು. ಮರೆವಾಗಿದ್ದರೂ ಚೆನ್ನಾಗಿತ್ತು. ಇವರು ಕೈ ಇಟ್ಟಿದ್ದರು, ಮನಸ್ಸಿಟ್ಟು ನೋಡಿದ್ದರು, ಮೂವತ್ತು ವರ್ಷ ಮಾಡಿದ ಹಾಗೆಯೇ ಮಾಡಿದ್ದರು. ಹಾಗಾದರೆ ಇದಕ್ಕೆ ಮುಂಚೆ ಪಾಸು ಮಾಡಿ ಕಳಿಸಿದ ಪೆಟ್ಟಿಗೆಗಳ ಗತಿ ಏನು ಎಂಬ ಯೋಚನೆ ನನಗೆ ಬಂತು. ಅದೇ ಹೊತ್ತಿಗೆ ಅದು ಇವರಿಗೂ ಬಂದಿರಬೇಕು.

"ನಾಳೆ ಬೆಳಿಗ್ಗೆನೇ ಶೆಡ್ಡಿಗೆ ಹೋಗಿ ಅವನಿಗೆ ಹೇಳ್ಬೇಕು," ಎಂದರು. "ಕೈ ನಡುಗಕ್ಕೆ ಶುರುವಾದ ಮೇಲೆ ಹೋಗಿರೋವೆಲ್ಲ ವಾಪಸ್ ತರಿಸ್ಬೇಕು. ಇಲ್ಲಾಂದ್ರೆ ಅಲ್ಲೇ ಬಿಚ್ಚಿ ನೋಡಕ್ಕೆ ಹೇಳ್ಲಿ. ಫೋನ್ ಮಾಡ್ಲಿ. ಏನಾದ್ರೂ ಮಾಡ್ಲಿ."

"ಹೇಳೋಣ," ಎಂದೆ. "ನಾನೂ ಬರ್ತೀನಿ."

"ಆಮೇಲೆ ನಾನು ಅಲ್ಲಿಗೆ ಹೋಗಲ್ಲ."

ಬೇಡ ಎನ್ನಲು ನನಗೆ ಯಾವ ಬಾಯಿ ಇತ್ತು? ಹೂಂ ಎಂದೆ. ಇವರು ಕೈಯನ್ನು ಕೆಳಗಿಳಿಸಿ, ಅಂಗಿಯ ಕೆಳಗಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು, ಅದು ಅಲ್ಲಾಡದಿರಲಿ ಎಂದು. ಅಂಗಿ ಅಲ್ಲಾಡತೊಡಗಿತು. ಬೀದಿಯಲ್ಲಿ ಯಾರೋ ಗಾಡಿ ಸ್ಟಾರ್ಟ್ ಮಾಡಲು ಒದೆಯುತ್ತಲೇ ಇದ್ದರು. ಅದು ನಿಂತ ಮೇಲೆ ಇವರು ಇಷ್ಟು ದಿನ ಒಮ್ಮೆಯೂ ಕೇಳದಿದ್ದದ್ದನ್ನು ಕೇಳಿದರು. ಮಾಲೀಕರು ಇವರಿಗೆ ಒಂದು ದೋಣಿ ಬರಲಿಲ್ಲ ಎಂದಷ್ಟೇ ಹೇಳಿದ್ದರು. ತಮ್ಮ ಪೆಟ್ಟಿಗೆ ಕೂಗಿದೆ ಎಂಬ ನಂಬಿಕೆ ಇದ್ದವರಿಗೆ ಅದಕ್ಕಿಂತ ಹೆಚ್ಚು ಕೇಳುವ ಅಗತ್ಯವಿರಲಿಲ್ಲ.

"ಅವತ್ತು ನಾನು ಗೇಟ್ ಹತ್ರ ಹೋದ್ಮೇಲೆ ಆ ಪಂಚಾಯ್ತಿಯವನು ನಿಂಗೆ ಎಲ್ಲಾ ಹೇಳಿದ್ನಲ್ಲ. ಆ ದೋಣೀಲಿ ಎಷ್ಟು ಜನ ಇದ್ರಂತೆ?"

ಗೊತ್ತಿಲ್ಲ ಎನ್ನಬಹುದಿತ್ತು. ನಾನು ಸುಳ್ಳು ಹೇಳಿದರೆ ಇವರು ಆ ಹೊತ್ತಿನಲ್ಲಿ ನಂಬಿಬಿಡುತ್ತಿದ್ದರು, ನಂಬಲು ತಯಾರಾಗಿಯೇ ನಿಂತಿದ್ದರು. ಆದರೆ ವಾರವೆಲ್ಲ ನಿಜ ಹೇಳಿ, ನಿಜ ಹೇಳಿ ಎಂದು ಅವರ ಪ್ರಾಣ ತಿಂದವಳು ನಾನು.

"ಮೂರು ಜನ," ಎಂದೆ. "ಅಪ್ಪ, ಇಬ್ಬರು ಮಕ್ಕಳು."